ಲ್ಯಾಬ್ ಬೀಗ ಪಕ್ಕಕ್ಕಿಟ್ಟ ಅಣ್ಣನಿಗೆ

ಮಾರನೇ ದಿನ ಬೆಳಿಗ್ಗೆ ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಡೆಮೊ. ಕ್ಯಾಮೆರಾದಿಂದ ನೆಟ್‌ವರ್ಕ್ ಕೇಬಲ್ ಮೂಲಕ ಕಂಪ್ಯೂಟರಿಗೆ ಬರುವ ವಿಡಿಯೋದಲ್ಲಿ ಗಾಡಿಗಳನ್ನು ಗುರುತಿಸಿ ಎಣಿಸಬೇಕಿತ್ತು. ಚಿತ್ರ ಮಾತ್ರ ಹರಿದು ಹರಿದು ಬರುತ್ತಿತ್ತು. ಅರ್ಧ ಬಸ್ಸು ಕಂಡರೆ ಇನ್ನರ್ಧ ಇಲ್ಲ. ಮೂರು ದಿನ ಕೋಡ್ ತಡಕಾಡಿ ಸುಸ್ತಾಗಿದ್ದೆ.

ಅವತ್ತು ಬೇರೆಯವರ ಬದಲಿಗೆ ಡ್ಯೂಟಿಗೆ ಬಂದು ಲ್ಯಾಬ್ ಮುಚ್ಚಲು ಹೊರಟಿದ್ದ ಅಣ್ಣ, ನನ್ನ ಮುಖ ನೋಡಿ ಬೀಗವನ್ನು ಮೇಜಿನ ಮೇಲಿಟ್ಟರು. "ಲಿಂಕ್ ಸ್ಪೀಡ್ ಎಷ್ಟಿದೆ ನೋಡಮ್ಮ" ಅಂದರು, ಅಂದರೆ ಕೇಬಲ್‌ನಲ್ಲಿ ಡೇಟಾ ಹರಿಯುವ ವೇಗ. 1000 ಇರಬೇಕಾದ ಕಡೆ 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್)! ಕಂಪ್ರೆಸ್ ಮಾಡದ 640×480 ಬಣ್ಣದ ವಿಡಿಯೋ, ಪಿಕ್ಸೆಲ್‌ಗೆ 24 ಬಿಟ್, ಸೆಕೆಂಡಿಗೆ 30 ಫ್ರೇಮ್ ಅಂದರೆ 220 ಆದರೂ ಬೇಕು. ನಾವು ವಿಡಿಯೋ ಕಳಿಸುತ್ತಿದ್ದ ಯುಡಿಪಿ ಎಂಬ ವಿಧಾನದಲ್ಲಿ ಕಳೆದುಹೋದ ಪ್ಯಾಕೆಟ್ (ಡೇಟಾದ ತುಣುಕು) ತಾನಾಗಿ ಮತ್ತೆ ಬರಲ್ಲ ಅಲ್ವಾ, ಅದಕ್ಕೇ ಆ ಅರ್ಧ ಬಸ್ಸು.

ಮೊಬೈಲ್ ಟಾರ್ಚ್ ನನ್ನ ಕೈಗೆ ಕೊಟ್ಟು ಕೇಬಲ್ ತುದಿ ಬಿಚ್ಚಿದರು. ಎಂಟು ತಂತಿಗಳಲ್ಲಿ ಕಂದು ಬಣ್ಣದ್ದು ಒಳಗೇ ತುಂಡಾಗಿತ್ತು. ಗಿಗಾಬಿಟ್‌ಗೆ, ಅಂದರೆ ಆ 1000ದ ವೇಗಕ್ಕೆ, ಎಂಟೂ ಬೇಕು. ಒಂದೊಂದನ್ನೂ ಉಗುರಿನಿಂದ ನೇರ ಮಾಡಿ, ಬಣ್ಣದ ಸಾಲನ್ನು ಎರಡೆರಡು ಸಲ ನೋಡಿ, ಹೊಸ ಕನೆಕ್ಟರ್‌ಗೆ ತೂರಿಸಿದರು. ಕನೆಕ್ಟರನ್ನು ತಂತಿಗೆ ಬಿಗಿಯುವ ಕ್ರಿಂಪಿಂಗ್ ಟೂಲ್ ಒತ್ತಲು ನನಗೇ ಕೊಟ್ಟರು.

ಬಸ್ಸು ಇಡಿಯಾಗಿ ಬಂತು, ಸುತ್ತ ನಮ್ಮ ಪ್ರೋಗ್ರಾಂ ಗುರುತಿಸಿ ಹಾಕಿದ ಹಸಿರು ಚೌಕ. ನನಗೆ ಅಳುವೇ ಬಂತು. ತಿರುಗಿ ನೋಡಿದರೆ ಅವರು ನೆಲದ ಮೇಲಿನ ತಂತಿ ಚೂರುಗಳನ್ನು ಆರಿಸುತ್ತಿದ್ದರು.

ಅಣ್ಣ, ಗಡಿಬಿಡಿಯಲ್ಲಿ ನಿಮ್ಮ ಹೆಸರೂ ಕೇಳಲಿಲ್ಲ. ತುಂಬಾ ಥ್ಯಾಂಕ್ಸ್.