ಸ್ಪೆಷಲ್ ಬಿ.ಎಡ್. ಸೇರುವ ಮುಂಚೆ ದೊಡ್ಡಮ್ಮನ ಒಂದಿಷ್ಟು ಮಾತು

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ನೀನು ವಿಶೇಷ ಮಕ್ಕಳಿಗೆ ಕಲಿಸುವ ಸ್ಪೆಷಲ್ ಬಿ.ಎಡ್. ಮಾಡುತ್ತೇನೆ ಅಂದದ್ದು, ನಿಮ್ಮಪ್ಪ "ಇಷ್ಟು ದುಡ್ಡು ಹಾಕಿದರೆ ಆಮೇಲೆ ಎಷ್ಟು ಬರುತ್ತೆ" ಅಂತ ಕೇಳಿದ್ದು, ನೀನು ಊಟ ಬಿಟ್ಟು ಎದ್ದು ಹೋದದ್ದು, ಎಲ್ಲವನ್ನೂ ನಿಮ್ಮಮ್ಮ ಹೇಳಿದಳು. ನಿಮ್ಮಪ್ಪ ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ ಮಗಳೇ, ಅವನ ಮೇಲೆ ಮುನಿಸು ಬೇಡ. ಬುದ್ಧಿಮಾಂದ್ಯ ಮಕ್ಕಳ ಶಾಲೆಯಲ್ಲೇ ನನ್ನ ಸರ್ವೀಸೆಲ್ಲ ಕಳೆಯಿತು, ಅದರಿಂದ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಓದು ನಿನಗೆ ಒಪ್ಪುತ್ತದೆ, ಓದು. ಆದರೆ ಇದಕ್ಕಾಗಿ ದೊಡ್ಡ ಸಾಲ ಮಾಡಬೇಡ.

ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಫೀಸು, ಹಾಸ್ಟೆಲ್ಲು ಎಲ್ಲ ಸೇರಿ 3 ಲಕ್ಷ ಸಾಲ ಎಂದಿಟ್ಟುಕೊ, ಬಡ್ಡಿ ವರ್ಷಕ್ಕೆ ನೂರಕ್ಕೆ 10. ಓದುವ ಎರಡು ವರ್ಷ, ಮುಗಿದ ಮೇಲೆ ಇನ್ನೊಂದು ವರ್ಷ ಬ್ಯಾಂಕಿನವರು ಸಾಮಾನ್ಯವಾಗಿ ಕಂತು ಕೇಳುವುದಿಲ್ಲ. ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಹಣ ಒಮ್ಮೆಗೇ ತೆಗೆದುಕೊಂಡಿದ್ದರೆ ಮೂರು ವರ್ಷಕ್ಕೆ 90,000 ಸೇರಿ ಸಾಲ 3.9 ಲಕ್ಷ ಆಗಿರುತ್ತದೆ. ಅದನ್ನು ಐದು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ 8,300ರ ಹತ್ತಿರ ಕಂತು. ನಿನ್ನ ಮೊದಲ ಸಂಬಳ 18,000 ಇದ್ದರೆ ಕೈಗೆ ಉಳಿಯುವುದು 9,700. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟಿ, ಬಸ್ ಪಾಸ್ ಮಾಡಿಸಿದ ಮೇಲೆ ಏನು ಉಳಿದೀತು? ಕಂತು ಸಂಬಳದ ಐದನೇ ಒಂದು ಪಾಲು ದಾಟಬಾರದು ಅನ್ನುವುದು ನನ್ನ ಲೆಕ್ಕ. ಆ ಪ್ರಕಾರ ಸುಮಾರು 1.3 ಲಕ್ಷಕ್ಕಿಂತ ಹೆಚ್ಚು ಸಾಲ ನಿನಗೆ ಸಲ್ಲದು. ಕಂತಿನ ಭಾರ ಹೆಚ್ಚಾದರೆ ಒಳ್ಳೆಯ ಶಾಲೆ ಬಿಟ್ಟು ಸಾವಿರ ರೂಪಾಯಿ ಹೆಚ್ಚು ಕೊಡುವ ಕಡೆ ಓಡಬೇಕಾಗುತ್ತದೆ. ಹಾಗೆ ಓಡಿ, ಮೂರು ನಾಲ್ಕು ವರ್ಷದಲ್ಲಿ ಈ ಕೆಲಸವನ್ನೇ ಬಿಟ್ಟುಹೋದ ಒಳ್ಳೊಳ್ಳೆಯ ಹುಡುಗಿಯರನ್ನು ನೋಡಿದ್ದೇನೆ. ಆ ಸಂಕಟ ನಿನಗೆ ಬೇಡ.

ಹಾಗಾದರೆ ಕಡಿಮೆ ಖರ್ಚಿನಲ್ಲಿ ಎಲ್ಲಿ ಓದುವುದು? ಮೊದಲು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ ನೋಡು. 1965ರಲ್ಲಿ ಶುರುವಾದದ್ದು, ಕೇಂದ್ರ ಆರೋಗ್ಯ ಇಲಾಖೆಯದ್ದು. ಅಲ್ಲಿ ಶ್ರವಣದೋಷದ ಮಕ್ಕಳಿಗೆ ಕಲಿಸುವ ಬಿ.ಎಡ್. ಇದೆ. ಬುದ್ಧಿಮಾಂದ್ಯತೆಯ ವಿಭಾಗವೇ ಬೇಕು ಅಂದರೆ ಸಿಕಂದರಾಬಾದಿನ ಎನ್ಐಇಪಿಐಡಿ, ಅಂದರೆ ಬುದ್ಧಿಮಾಂದ್ಯರಿಗಾಗಿ ಇರುವ ರಾಷ್ಟ್ರೀಯ ಸಂಸ್ಥೆ, ಅದು 1984ರದ್ದು. ಚೆನ್ನೈ ಹತ್ತಿರ ಮುಟ್ಟುಕಾಡಿನಲ್ಲಿ ಬಹುವೈಕಲ್ಯ ಇರುವವರಿಗಾಗಿ ಎನ್ಐಇಪಿಎಂಡಿ ಅನ್ನುವ ಸಂಸ್ಥೆ ಇದೆ. ಇವೆಲ್ಲ ಕೇಂದ್ರ ಸರ್ಕಾರದ ಸಂಸ್ಥೆಗಳು. ಸೀಟು ಕಡಿಮೆ, ಪೈಪೋಟಿ ಇದೆ. ಆದರೂ ಮೂರಕ್ಕೂ ಅರ್ಜಿ ಹಾಕು. ಇವುಗಳಲ್ಲಿ ಒಂದರಲ್ಲಿ ಸೀಟು ಸಿಕ್ಕರೂ ಹಿಂದೆಮುಂದೆ ನೋಡದೆ ಸೇರು. ಸಿಗದಿದ್ದರೆ ಒಂದು ವರ್ಷ ಕಾದು ಮತ್ತೆ ಅರ್ಜಿ ಹಾಕಿದರೂ ನಷ್ಟವಿಲ್ಲ. ಆ ವರ್ಷ ಶ್ಯಾಡೋ ಟೀಚರ್ ಆಗಿ ಕೆಲಸ ಮಾಡು. ಬೆಂಗಳೂರಿನ ಎಷ್ಟೋ ಶಾಲೆಗಳಲ್ಲಿ ಒಂದೇ ಮಗುವಿನ ಪಕ್ಕ ಕೂತು ಅದಕ್ಕೆ ತರಗತಿಯಲ್ಲಿ ನೆರವಾಗುವ ಈ ಕೆಲಸಕ್ಕೆ ಡಿಗ್ರಿ ಆದವರನ್ನು ತೆಗೆದುಕೊಳ್ಳುತ್ತಾರೆ. ಕೈಗೆ ನಾಲ್ಕು ಕಾಸೂ ಬರುತ್ತದೆ, ಈ ಕೆಲಸ ನಿನ್ನ ಮೈಗೆ ಒಗ್ಗುತ್ತದೋ ಇಲ್ಲವೋ ಅನ್ನುವುದೂ ಗೊತ್ತಾಗುತ್ತದೆ.

ಖಾಸಗಿ ಕಾಲೇಜಿಗೇ ಹೋಗಬೇಕಾಗಿ ಬಂದರೆ ಒಂದು ವಿಷಯದಲ್ಲಿ ಯಾರ ಮಾತನ್ನೂ ನಂಬಬೇಡ. ಭಾರತೀಯ ಪುನರ್ವಸತಿ ಪರಿಷತ್ತು, ಎಲ್ಲರೂ ಆರ್‌ಸಿಐ ಅನ್ನುತ್ತಾರಲ್ಲ, ಅದರ ಮಾನ್ಯತೆ ಇಲ್ಲದ ಕೋರ್ಸಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡ. 1992ರ ಕಾಯ್ದೆ ಪ್ರಕಾರ ಆ ಪರಿಷತ್ತಿನ ರಿಜಿಸ್ಟರಿನಲ್ಲಿ ಹೆಸರಿಲ್ಲದೆ ಈ ವೃತ್ತಿ ಮಾಡುವಂತಿಲ್ಲ. ಕಾಲೇಜಿಗೆ ಮಾನ್ಯತೆ ಕೊಡುವುದು ಇಷ್ಟು ಅವಧಿಗೆ, ಇಂಥ ವಿಭಾಗಕ್ಕೆ ಅಂತ. ಹಳೆಯ ಬ್ಯಾಚಿಗೆ ಇತ್ತು ಅಂದ ಮಾತ್ರಕ್ಕೆ ನಿನ್ನ ಬ್ಯಾಚಿಗೂ ಇದೆ ಅಂತ ಅಲ್ಲ. ಪರಿಷತ್ತಿನ ವೆಬ್‌ಸೈಟಿನಲ್ಲಿ ಕಾಲೇಜಿನ ಹೆಸರು, ವಿಭಾಗ, ವರ್ಷ ಮೂರನ್ನೂ ನೀನೇ ಕಣ್ಣಾರೆ ನೋಡು. ಆರು ತಿಂಗಳ ಆನ್‌ಲೈನ್ ಸರ್ಟಿಫಿಕೇಟು ಮಾರುವವರು ಈಗ ಬೇಕಾದಷ್ಟು ಇದ್ದಾರೆ. ಅವು ತಿಳಿವಳಿಕೆಗೆ ಇರಬಹುದು, ಹುದ್ದೆಗೆ ಆಗುವುದಿಲ್ಲ. ಆಮೇಲೆ ಆ ಕಾಲೇಜಿನದೇ ಆದ ವಿಶೇಷ ಮಕ್ಕಳ ಶಾಲೆ ಇದೆಯೇ, ಅಲ್ಲಿ ನಿಜಕ್ಕೂ ಮಕ್ಕಳಿದ್ದಾರೆಯೇ, ಹೋಗಿ ನೋಡು. ಮಕ್ಕಳಿಲ್ಲದ ಕಾಲೇಜಿನಲ್ಲಿ ಓದಿದರೆ ಪುಸ್ತಕ ಬರುತ್ತದೆ, ಕೆಲಸ ಬರುವುದಿಲ್ಲ.

ಇನ್ನು ಸಂಬಳದ ವಿಷಯ. ನಿಮ್ಮಪ್ಪನಿಗೆ ಇದನ್ನು ಓದಿ ಹೇಳು. ಸಂಘಸಂಸ್ಥೆಗಳು ನಡೆಸುವ ವಿಶೇಷ ಶಾಲೆಗಳಲ್ಲಿ ಸಂಬಳ ಕಡಿಮೆ. ಶಿಶುಕೇಂದ್ರಿತ ಯೋಜನೆಯಲ್ಲಿ ಸರ್ಕಾರ ಮಕ್ಕಳ ಲೆಕ್ಕಕ್ಕೆ ಅನುದಾನ ಕೊಡುತ್ತದೆ. ಅದು ತಡವಾದರೆ ಸಂಬಳವೂ ತಡ. ಖಾಸಗಿ ಶಾಲೆಗಳಲ್ಲಿ, ಅದರಲ್ಲೂ ಸಿಬಿಎಸ್‌ಇ ಶಾಲೆಗಳಲ್ಲಿ, ವಿಶೇಷ ಶಿಕ್ಷಕರು ಇರಲೇಬೇಕೆಂಬ ನಿಯಮ ಇರುವುದರಿಂದ ಅಲ್ಲಿ ಬೇಡಿಕೆ ಇದೆ, ಸಂಬಳವೂ ವಾಸಿ. ಸರ್ಕಾರಿ ಕೆಲಸ ಅಂದರೆ ನಮ್ಮಲ್ಲಿ ತಾಲ್ಲೂಕಿನ ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರದಲ್ಲಿ, ಬಿಐಇಆರ್‌ಟಿ ಅನ್ನುವ ವಿಶೇಷ ಶಿಕ್ಷಕರಿದ್ದಾರೆ. ಶಾಲೆ ಶಾಲೆ ಸುತ್ತುತ್ತಾರೆ, ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಗೇ ಹೋಗಿ ಕಲಿಸುತ್ತಾರೆ. ಒಂದು ದಿನ ಹಾಸನದ ಬಿಆರ್‌ಸಿಗೆ ಹೋಗಿ ಅವರನ್ನು ಮಾತಾಡಿಸು. ಅವರಿಗಿಂತ ಚೆನ್ನಾಗಿ ಇದರ ಕಷ್ಟಸುಖ ಹೇಳುವವರಿಲ್ಲ.

ಮುಂದೆ ಹುದ್ದೆ ಹೆಚ್ಚುತ್ತವೆ ಅನ್ನುವುದಕ್ಕೂ ಕಾರಣ ಇದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಷ್ಟೇ ಇದ್ದವು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು, ಆಟಿಸಂ, ಕಲಿಕಾ ನ್ಯೂನತೆ ಎಲ್ಲ ಒಳಗೆ ಬಂದವು. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೊಬ್ಬರು, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರು ಇರಬೇಕು ಅಂದಿತು. 2025ರ ಮಾರ್ಚಿನಲ್ಲಿ ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಿ ಎಂದು ರಾಜ್ಯಗಳಿಗೆ ಮತ್ತೆ ತಾಕೀತು ಮಾಡಿತು. ಅದೇ ವರ್ಷ ಕೇಂದ್ರೀಯ ವಿದ್ಯಾಲಯದವರು ಕರೆದ ಅರ್ಜಿಯಲ್ಲಿ ಪಿಆರ್‌ಟಿ ಅಂದರೆ ಪ್ರಾಥಮಿಕ ಶಿಕ್ಷಕರು, ಟಿಜಿಟಿ ಅಂದರೆ ಅದರ ಮೇಲಿನ ತರಗತಿಗಳ ಪದವೀಧರ ಶಿಕ್ಷಕರು, ಈ ಎರಡರಲ್ಲೂ ವಿಶೇಷ ಶಿಕ್ಷಕರ ಹುದ್ದೆಗಳಿದ್ದವು. ಟಿಜಿಟಿಗೆ ಮೂಲ ವೇತನವೇ 44,900. ಹಾಗಂತ ಕೋರ್ಟಿನ ಆದೇಶ ನಂಬಿ ಸಾಲ ಮಾಡುವುದಲ್ಲ. ಆದೇಶಕ್ಕೂ ನೇಮಕಾತಿಗೂ ನಡುವೆ ಎಷ್ಟು ವರ್ಷ ಹಿಡಿಯುತ್ತದೆ ಅಂತ ಯಾರೂ ಹೇಳಲಾರರು. ನೀನು ಮಾತ್ರ ಓದುವಾಗಲೇ ಸಿಟಿಇಟಿ, ಅಂದರೆ ಕೇಂದ್ರದ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸು ಮಾಡಿಟ್ಟುಕೊ.

ವಿಭಾಗ ಯಾವುದು ಅಂತ ಕೇಳಿದ್ದೀಯ. ನಾನಾದರೆ ಬುದ್ಧಿಮಾಂದ್ಯತೆ ಅನ್ನುತ್ತೇನೆ. ಊಟ, ಬಟ್ಟೆ, ಮಾತು, ಲೆಕ್ಕ, ನಡವಳಿಕೆ ಎಲ್ಲವನ್ನೂ ಬುಡದಿಂದ ಕಲಿಸುವುದು ಅದರಲ್ಲಿ ಬರುತ್ತದೆ, ಡೌನ್ ಸಿಂಡ್ರೋಮ್ ಇರಲಿ, ಆಟಿಸಂ ಇರಲಿ ಕೈಹಿಡಿಯುತ್ತದೆ.

ಆ ಕಲಿಸುವುದು ಹೇಗಿರುತ್ತದೆ ಗೊತ್ತಾ? ಅಂಗಿಯ ಗುಂಡಿ ಹಾಕುವುದನ್ನೇ ತೆಗೆದುಕೊ. ಮೊದಲು ಗಟ್ಟಿ ಬಟ್ಟೆಗೆ ಕೋಟಿನ ದೊಡ್ಡ ಗುಂಡಿ ಹೊಲಿದು ಮೇಜಿನ ಮೇಲಿಡುತ್ತೇವೆ. ಗುಂಡಿಯ ಅಂಚು ಹಿಡಿಯುವುದು, ಕಾಜದೊಳಕ್ಕೆ ತೂರಿಸುವುದು, ಆಚೆ ಬಂದ ಅರ್ಧವನ್ನು ಇನ್ನೊಂದು ಕೈಯಲ್ಲಿ ಹಿಡಿಯುವುದು, ಇಷ್ಟೂ ನಾವೇ ಮಾಡಿ, ಕೊನೆಯಲ್ಲಿ ಎಳೆಯುವುದೊಂದನ್ನು ಮಗುವಿಗೆ ಬಿಡುತ್ತೇವೆ. ಕೆಲಸ ಮುಗಿಸಿದ ಖುಷಿ ಮೊದಲ ದಿನವೇ ಅದಕ್ಕೆ ಸಿಗಬೇಕು. ಆಮೇಲೆ ಒಂದೊಂದೇ ಹಂತ ಹಿಂದಕ್ಕೆ. ಮೇಜಿನ ಮೇಲೆ ಬಂತು ಅಂದರೆ ಎದೆಯ ಮೇಲೆ ಬಂತು ಅಂತಲ್ಲ. ಮೈಮೇಲಿನ ಅಂಗಿಯಲ್ಲಿ ಗುಂಡಿ ಕಾಣುವ ದಿಕ್ಕೇ ತಿರುಗುಮುರುಗು, ಮತ್ತೆ ಮೊದಲಿಂದ. ಕೈ ಹಿಡಿದು ಮಾಡಿಸಿದ್ದೋ, ಬಾಯಲ್ಲಿ ಹೇಳಿದ್ದಕ್ಕೆ ಮಾಡಿತೋ, ತಾನಾಗಿಯೇ ಮಾಡಿತೋ ಅಂತ ದಿನಾ ಐಇಪಿ ಫೈಲಿನಲ್ಲಿ, ಅಂದರೆ ಆ ಮಗುವಿಗಾಗಿಯೇ ಮಾಡಿದ ಕಲಿಕಾ ಯೋಜನೆಯ ಫೈಲಿನಲ್ಲಿ, ಬರೆಯಬೇಕು. ತಿಂಗಳುಗಟ್ಟಲೆ ಒಂದೇ ಗುರುತು ಬೀಳುತ್ತಿದ್ದರೂ ಬೇಸರಪಡದೆ ಬರೆಯಬಲ್ಲೆ ಅನ್ನಿಸಿದರೆ ನೀನು ನಮ್ಮವಳು.

ಅದಕ್ಕೇ ಅರ್ಜಿ ಹಾಕುವ ಮುಂಚೆ ಎರಡು ವಾರ ಇಲ್ಲಿಗೆ ಬಂದು ಇರು. ನಮ್ಮ ಶಾಲೆಯ ಹೆಡ್‌ಮೇಡಂ ಹತ್ತಿರ ಮಾತಾಡಿದ್ದೇನೆ, ಬೆಳಿಗ್ಗೆ ಒಂಬತ್ತೂವರೆಗೆ ಹೋದರೆ ಸಂಜೆ ನಾಲ್ಕರವರೆಗೆ ಮಕ್ಕಳ ಜೊತೆ ಇರಬಹುದು. ಕಾಟನ್ ಚೂಡಿದಾರ್ ತೆಗೆದುಕೊಂಡು ಬಾ, ಉದ್ದದ ಓಲೆ, ಸರ ಬೇಡ, ಮಕ್ಕಳು ಎಳೆದುಬಿಡುತ್ತವೆ. ನಿನ್ನ ಡಿಗ್ರಿ ಮಾರ್ಕ್ಸ್ ಕಾರ್ಡುಗಳ ಫೋಟೋ ನನಗೆ ವಾಟ್ಸಾಪ್ ಮಾಡು, ನೂರಕ್ಕೆ ಐವತ್ತು ಇರಬೇಕು. ನಿಮ್ಮಪ್ಪನ ಹತ್ತಿರ ಭಾನುವಾರ ನಾನೇ ಫೋನಿನಲ್ಲಿ ಮಾತಾಡುತ್ತೇನೆ, ಮೇಲಿನ ಲೆಕ್ಕದ ಚೀಟಿ ಅವನ ಕೈಯಲ್ಲಿರಲಿ.

ಇಂತು ನಿನ್ನ ಪ್ರೀತಿಯ
ದೊಡ್ಡಮ್ಮ