ತಲಾ ಇಪ್ಪತ್ತು ನಿಮಿಷ

ಪ್ರೀತಿಯ ದೋಸ್ತ,

ನೀನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರೋ ಟೈಮ್ ಟೇಬಲ್ಲಿನ ಫೋಟೋ ನೋಡಿದೆ. ರಾತ್ರಿ ಏಳರಿಂದ ಎಂಟು: ದೊಡ್ಡವಳಿಗೆ 20 ನಿಮಿಷ, ನಡುವಿನವನಿಗೆ 20, ಪುಟ್ಟಿಗೆ 20. ಹಾಸ್ಟೆಲ್ಲಿನ ಉಪ್ಪಿಟ್ಟಿನ ಸೌಟು ನಿನ್ನ ಕೈಯಿಂದ ಇನ್ನೂ ಇಳಿದಿಲ್ಲ ಮಾರಾಯ. ಗೊತ್ತಿರೋರು ನಕ್ಕೊಳ್ಳಿ, ಉಳಿದೋರು ಮುಂದೆ ಓದಿ.

ಲೆಕ್ಕ ಒಮ್ಮೆ ಹಾಕಿ ನೋಡು. ಮಕ್ಕಳಿಗೆ 15, 9, 3 ಅಲ್ವಾ, ಆರಾರು ವರ್ಷದ ಅಂತರ. ನಿನ್ನ ಹತ್ರ ದಿನಕ್ಕೆ ಇರೋದು ಒಂದೇ ಗಂಟೆ, 18 ತುಂಬಿದೋರು ಓದೋಕೆ ಊರು ಬಿಡ್ತಾರೆ ಅಂತಿಟ್ಕೋ. ದೊಡ್ಡವಳಿಗೆ ಮೊದಲ ಆರು ವರ್ಷ ಪೂರ್ತಿ 60 ನಿಮಿಷ ಸಿಕ್ಕಿತು, ಆಮೇಲೆ 30, ಈಗ 20. ಪುಟ್ಟಿಗೆ ಈಗ 20, ಅಕ್ಕ ಹೋದ ಮೇಲೆ 30, ಅಣ್ಣನೂ ಹೋದ ಮೇಲೆ 60. ನಡುವಿನವನಿಗೆ 30, 20, ಮತ್ತೆ 30. ಅಪ್ಪ ಪೂರ್ತಿ ತನಗೊಬ್ಬನಿಗೇ ಅನ್ನೋ ಕಾಲ ಅವನ ಪಾಲಿಗೆ ಬರೋದೇ ಇಲ್ಲ. ಸರಾಸರಿ ದಿನಕ್ಕೆ 10 ನಿಮಿಷ ಕಮ್ಮಿ, 18 ವರ್ಷಕ್ಕೆ 1,095 ಗಂಟೆ. ಒಂದು ದಿನವೂ ಭೇದ ಮಾಡದೆ ಆದ ಖೋತಾ ಇದು.

ಇದು ನನ್ನ ತಲೆಹರಟೆ ಅಲ್ಲ. ಹರ್ಟ್‌ವಿಗ್, ಡೇವಿಸ್, ಸಲ್ಲೋವೇ ಅನ್ನೋ ಮೂವರು ಸಂಶೋಧಕರು 2002ರಲ್ಲೇ ಇದನ್ನ ತೋರಿಸಿದ್ರು: ಸಮ ಹಂಚಬೇಕು ಅನ್ನೋ ಹಟವೇ ಅಸಮ ಮಾಡುತ್ತೆ, ಪೆಟ್ಟು ಬೀಳೋದು ನಡುವಿನ ಮಗುವಿಗೆ. 2008ರಲ್ಲಿ ಜೋಸೆಫ್ ಪ್ರೈಸ್ ಅನ್ನೋ ಅರ್ಥಶಾಸ್ತ್ರಜ್ಞ ಅಮೆರಿಕದ ಕುಟುಂಬಗಳ ದಿನಚರಿ ಸಮೀಕ್ಷೆ ಹಿಡ್ಕೊಂಡು ನೋಡಿದ. ಎರಡನೇ ಮಗುವಿಗೆ ಒಂದು ವಯಸ್ಸಲ್ಲಿ ಸಿಗೋದಕ್ಕಿಂತ, ಅಂಥದ್ದೇ ಮನೆಯ ಮೊದಲನೇ ಮಗುವಿಗೆ ಅದೇ ವಯಸ್ಸಲ್ಲಿ ದಿನಕ್ಕೆ 20ರಿಂದ 30 ನಿಮಿಷ ಹೆಚ್ಚು ಸಿಕ್ಕಿರುತ್ತೆ. ಕಾರಣ ಸರಳ. ಆಯಾ ದಿನ ಅಪ್ಪ ಅಮ್ಮ ಸಮವಾಗೇ ಹಂಚ್ತಾರೆ, ಆದರೆ ಮಕ್ಕಳು ದೊಡ್ಡವರಾಗ್ತಾ ಹಂಚೋ ಒಟ್ಟು ಸಮಯವೇ ಕುಗ್ಗುತ್ತೆ.

ಹಾಗಾಗಿ ಆ ಕಾಗದ ಕಿತ್ತು ಹಾಕು. ಪುಟ್ಟಿಗೆ ಒಂದೇ ಸಲಕ್ಕೆ 20 ನಿಮಿಷ ಬೇಡ, ದಿನಕ್ಕೆರಡು ಸಲ ಹತ್ತತ್ತು ಸಾಕು. ನೆಲದ ಮೇಲೆ ಕೂತ್ಕೋ. ಆಟ ಅವಳು ಹೇಳಿದ್ದು. "ಇದೇನು ಬಣ್ಣ, ಇದೆಷ್ಟು" ಅಂತ ಪರೀಕ್ಷೆ ಮಾಡಬೇಡ, ಅವಳು ಮಾಡಿದ್ದನ್ನೇ ಬಾಯಲ್ಲಿ ಹೇಳ್ತಾ ಹೋಗು: "ಓ, ಲೋಟದ ಮೇಲೆ ಲೋಟ ಇಟ್ಟೆ." ಹಸಿವು, ನಿದ್ದೆ ಬರೋ ಹೊತ್ತು ಬಿಡು. ಸ್ನಾನ ಮಾಡಿಸೋದು ಹೇಗೂ ನೀನೇ ತಾನೆ, ಫೋನ್ ಹೊರಗಿಟ್ಟರೆ ಅದೂ ಲೆಕ್ಕಕ್ಕೆ ಬರುತ್ತೆ. ಸರದಿ ಅವಳದ್ದೇ ಮೊದಲು ಬರಲಿ, ಯಾಕಂದ್ರೆ ಕಾಯೋದು ಅವಳ ಕೈಲಾಗಲ್ಲ. ಹೊಟ್ಟೆ ತುಂಬಿದ ಕರು ಹಗ್ಗ ಜಗ್ಗಲ್ಲ.

ನಡುವಿನವನಿಗೆ ಅರ್ಧ ಗಂಟೆ ಕೊಡು, ಆದಿ ಅಂತ್ಯ ಇರೋ ಕೆಲಸ ಹಿಡಿ. ಚೌಕಾಬಾರ ಆಗಬಹುದು: 25 ಮನೆ, ನಾಲ್ಕು ಕವಡೆ, ಇಬ್ಬರೇ ಆಡಿದ್ರೆ ಅಷ್ಟರಲ್ಲಿ ಹೆಚ್ಚುಕಮ್ಮಿ ಮುಗಿಯುತ್ತೆ. ಸೈಕಲ್ಲಿನ ಚೈನಿಗೆ ಎಣ್ಣೆ ಬಿಡೋದು, ದೋಸೆ ಹುಯ್ಯೋದು ಕೂಡ ನಡೆಯುತ್ತೆ. ಪುಟ್ಟಿ ಬಾಗಿಲು ಬಡಿಯೋದು ಇಲ್ಲೇ. ಅದಕ್ಕೊಂದು ಡಬ್ಬ ಮಾಡಿಡು, ಹಳೇ ಕೀಲಿಕೈ, ಮುಚ್ಚಳ, ದಪ್ಪ ಗುಂಡಿ ಹಾಕಿ. ಬಾಯಿಗೆ ಹಾಕ್ಕೊಂಡು ನುಂಗೋ ಗಾತ್ರದ್ದು ಬೇಡ. ಅಣ್ಣನ ಸರದಿಯಲ್ಲಿ ಮಾತ್ರ ಅದು ಅಟ್ಟದಿಂದ ಇಳೀಬೇಕು. ದಿನವೂ ಕೊಟ್ಟರೆ ನಾಲ್ಕೇ ದಿನಕ್ಕೆ ಸಪ್ಪೆ. ಅಜ್ಜಿಗೆ "ಸ್ವಲ್ಪ ನೋಡ್ಕೋ" ಅನ್ನಬೇಡ, "ಜಗಲೀಲಿ ಕೂರಿಸಿಕೊಂಡು ಬಟಾಣಿ ಬಿಡಿಸು" ಅಂತ ಕೆಲಸ ಹೇಳಿ ಕೊಡು.

ಹದಿನೈದರವಳಿಗೆ ಗಡಿಯಾರ ಇಟ್ಟರೆ ಕೆಲಸ ಕೆಟ್ಟಿತು. "ಬಾ ಮಾತಾಡೋಣ" ಅಂದ್ರೆ "ಏನಿದೆ" ಅಂತಾಳೆ. ಆ ವಯಸ್ಸಿನ ಮಾತು ಬರೋದು ಪಕ್ಕದಲ್ಲಿದ್ದಾಗ, ಎದುರು ಕೂತಾಗಲ್ಲ. ಟ್ಯೂಷನ್ನಿಂದ ಸ್ಕೂಟರಲ್ಲಿ ಬರುವಾಗ, ರಾತ್ರಿ ಚಿಕ್ಕವರಿಬ್ಬರೂ ಮಲಗಿದ ಮೇಲೆ ಪಾತ್ರೆ ಒರೆಸುವಾಗ. ಮೊದಲ ಹತ್ತು ನಿಮಿಷ ಏನೂ ಬರಲ್ಲ, ಆ ಹತ್ತು ನಿಮಿಷ ದಾಟೋದೇ ನಿನ್ನ ಕೆಲಸ. ಎಸ್ಸೆಸ್ಸೆಲ್ಸಿ ಸುದ್ದಿ ಅವಳಾಗೇ ಎತ್ತೋವರೆಗೂ ಎತ್ತಬೇಡ. ಪರೀಕ್ಷೆ ತಿಂಗಳಲ್ಲಿ ಅವಳಿಗೆ ಹೆಚ್ಚು ಬೇಕಾದ್ರೆ ಉಳಿದವರಿಗೆ ಬಾಯಿಬಿಟ್ಟು ಹೇಳು, ಯಾವಾಗ ಮುಗಿಯುತ್ತೆ ಅಂತಲೂ ಹೇಳು. ಕಾರಣ ಗೊತ್ತಿದ್ರೆ ಮಕ್ಕಳು ವ್ಯತ್ಯಾಸವನ್ನ ಅನ್ಯಾಯ ಅಂದ್ಕೊಳ್ಳೋದು ಕಮ್ಮಿ.

ಒಂದಂತೂ ಮಾಡಲೇಬೇಡ: ತುಂಟತನಕ್ಕೆ ಶಿಕ್ಷೆ ಅಂತ ಸರದಿ ಕಿತ್ಕೋಬೇಡ. ಜಗಳ ಆಡಿದ ದಿನವೇ ಅದು ಹೆಚ್ಚು ಬೇಕಾಗಿರೋದು. ತಪ್ಪಿದ ಸರದಿಗಳ ಬಾಕಿ ಪುಸ್ತಕವೂ ಬೇಡ, ಅದು ಮಕ್ಕಳ ಕೈಗೆ ಸಿಕ್ಕರೆ ನಿನ್ನ ಮೇಲೆ ಬಡ್ಡಿ ಹಾಕ್ತಾರೆ.

ಇಷ್ಟೆಲ್ಲಾ ಬರೆಯೋಕೆ ಬರುತ್ತೆ ನೋಡು. ಆದರೆ ಈ ನಿಮಿಷದ ಲೆಕ್ಕದೊಳಗೆ ಸಿಗದಿರೋದು ಒಂದಿದೆ, ಈಚೆಗೆ ಅದೇ ಕೊರೀತಾ ಇದೆ. ನಮ್ಮನೆ ಮೂವರಲ್ಲಿ ಒಬ್ಬರ ಜೊತೆ ಇರೋದು ನನಗೆ ಸಲೀಸು. ಹೊತ್ತು ಹೋಗೋದು ಗೊತ್ತಾಗಲ್ಲ. ಇನ್ನೊಬ್ಬರ ಸರದಿಯಲ್ಲಿ ಕಣ್ಣು ಗಡಿಯಾರಕ್ಕೆ ಹೋಗುತ್ತೆ. ಪ್ರೀತಿ ಕಮ್ಮಿ ಅಂತ ಅಲ್ಲ ಅಂತ ನನಗೆ ನಾನೇ ಹೇಳ್ಕೋತೀನಿ, ಹೇಳ್ಕೊಳ್ಳಬೇಕಾಗಿ ಬಂದಿರೋದೇ ಕಸಿವಿಸಿ. ಅರ್ಧ ಗಂಟೆ ಕೊಟ್ಟೆ ಅಂತ ಟಿಕ್ ಹಾಕಬಹುದು. ಆ ಮಗುವಿಗೂ ಕಣ್ಣಿದೆಯಲ್ಲ? ಇದಕ್ಕೆ ನನಗೆ ತೋಚಿರೋ ಮದ್ದು ಒಂದೇ. ಆ ಮಗುವಿನ ಸರದಿಗೆ ನನಗೂ ನಿಜಕ್ಕೂ ಇಷ್ಟ ಇರೋ ಕೆಲಸ ಆರಿಸೋದು, ಮುಖದಲ್ಲಿ ನಟನೆ ಬೇಕಾಗದ ಹಾಗೆ. ಮದ್ದು ಹಿಡಿಯುತ್ತೋ ಇಲ್ವೋ, ನೋಡಬೇಕು.

ಅಯ್ಯೋ, ಇದನ್ನ ಎಲ್ಲರಿಗೂ ಕಾಣೋ ಹಾಗೆ ಹಾಕ್ತಿದ್ದೀನಾ? ಹೆದರಬೇಡ, ನಮ್ಮನೆ ದೊಡ್ಡವಳ ಪ್ರಕಾರ ಫೇಸ್‌ಬುಕ್ಕು ಪಿಂಚಣಿದಾರರ ಸಂಘ, ಅವಳು ಈ ಕಡೆ ತಲೆ ಹಾಕಲ್ಲ. ಯಾವ ಮಗು ಅಂತ ಕಮೆಂಟಲ್ಲಿ ಊಹೆ ಮಾಡೋರಿಗೆ ಬ್ಲಾಕ್ ಗ್ಯಾರಂಟಿ, ಅದರಲ್ಲೂ ಎಮ್ಮೆ ಶಾಸ್ತ್ರಿಗೆ.

ನಿಮ್ಮೂರ ಸಂತೇಲಿ ಒಳ್ಳೆ ಕವಡೆ ಕಂಡ್ರೆ ಎಂಟು ಕಳಿಸು, ನಮ್ಮನೇವು ಸೋಫಾದಡಿ ಸೇರಿವೆ. ದುಡ್ಡು ಕೊಡಲ್ಲ, ಹಳೇ ಮೆಸ್ಸಿನ ಲೆಕ್ಕಕ್ಕೆ ಬರ್ಕೋ.

ನಿನ್ನ,
ಸೌಟು ಸಿಗದೇ ಹೋದವನು