ಅದು ಸೇನಾ ಬ್ಯಾಂಡ್ ಅಲ್ಲ, ಹುಡುಗರ ಕಹಳೆ ತಂಡ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಒಂದು ಹಳೆಯ ಬಣ್ಣದ ಫೋಟೊ ಹಾಕಿದ್ದಿರಿ. ಮರೂನ್ ಕೋಟು, ಕೆನೆ ಬಣ್ಣದ ಪ್ಯಾಂಟು, ಸೊಂಟಕ್ಕೆ ಹಳದಿ ಪಟ್ಟಿ, ಎತ್ತರದ ಟೋಪಿಯ ಮೇಲೆ ಗರಿ. ಕೆಳಗೆ ‘ಅಮೆರಿಕದ ಸೇನಾ ಬ್ಯಾಂಡ್‌ನ ಕವಾಯತು’ ಅಂತ ಬರೆದಿತ್ತು. ಕಾಫಿ ಲೋಟ ಕೆಳಗಿಟ್ಟು ಭೂತಗನ್ನಡಿ ಹುಡುಕಿದೆ. ಅನುಮಾನವೇ ಇಲ್ಲ. ಅವರು ಸೈನಿಕರಲ್ಲ. ನ್ಯೂಜೆರ್ಸಿಯ ಗಾರ್‌ಫೀಲ್ಡ್ ಕೆಡೆಟ್ಸ್ ಹುಡುಗ ಹುಡುಗಿಯರು. ಹೆಸರಲ್ಲಿ ಕೆಡೆಟ್ ಇದೆ, ಕೋಟೂ ಮಿಲಿಟರಿ ಶಾಲೆಯ ಕೋಟಿನ ಹಾಗೇ ಇದೆ. ಹಾಗಾಗಿ ನಿಮ್ಮವರು ಮೋಸ ಹೋದದ್ದರಲ್ಲಿ ಆಶ್ಚರ್ಯ ಇಲ್ಲ.

ಇನ್ನೊಂದು ಗುರುತು ಹೇಳುತ್ತೇನೆ. ಆ ಫೋಟೊದಲ್ಲಿ ಒಂದೇ ಒಂದು ಕ್ಲಾರಿನೆಟ್ ಹುಡುಕಿ ನೋಡೋಣ. ಸಿಗಲ್ಲ. ಸ್ಯಾಕ್ಸೊಫೋನೂ ಇಲ್ಲ, ಕೊಳಲೂ ಇಲ್ಲ. ಬರೀ ಹಿತ್ತಾಳೆ ಕಹಳೆ ಮತ್ತು ಡ್ರಮ್ಮು. ಕಹಳೆಗಳ ಬಾಯೆಲ್ಲ ಪ್ರೇಕ್ಷಕರ ಕಡೆಗೇ ತಿರುಗಿವೆ. ಶಾಲೆಯ ಬ್ಯಾಂಡು ಸಾಮಾನ್ಯವಾಗಿ ಹಾಗಿರಲ್ಲ, ಸೇನೆಯ ಬ್ಯಾಂಡೂ ಸಾಮಾನ್ಯವಾಗಿ ಹಾಗಿರಲ್ಲ. ಅದು ಡ್ರಮ್ ಆ್ಯಂಡ್ ಬ್ಯೂಗಲ್ ಕೋರ್. ಅಂದರೆ ಮೈದಾನದಲ್ಲಿ ನಡೆಯುತ್ತಾ ಕಹಳೆ, ಡ್ರಮ್ಮು ನುಡಿಸಿ ಸ್ಪರ್ಧೆ ಮಾಡುವ ಹುಡುಗ ಹುಡುಗಿಯರ ತಂಡ.

ನನಗೆ ಇದೆಲ್ಲ ಹೇಗೆ ಗೊತ್ತು ಅಂದರೆ, 1984ರಿಂದ 1988ರವರೆಗೆ ನಾನು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಓದುತ್ತಿದ್ದೆ. ಕ್ಯಾಂಪ್ ರಾಂಡಲ್ ಸ್ಟೇಡಿಯಂನಿಂದ ಎರಡು ಬೀದಿ ಆಚೆ, ಒಂದು ಮರದ ಮನೆಯ ನೆಲಮಾಳಿಗೆಯಲ್ಲಿ ನನ್ನ ವಾಸ. ಒಂದು ದಿನ ಅಂಗಡಿಯ ಗಾಜಿನ ಮೇಲೆ ಪೋಸ್ಟರ್ ಕಂಡಿತು. ಮನೆಗೆ ಬಂದು ಮಾಲೀಕರನ್ನು ‘ಡ್ರಮ್ ಕಾರ್ಪ್ಸ್ ಅಂದರೇನು?’ ಅಂತ ಕೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಹಾಗಂದರೆ ಇಂಗ್ಲಿಷ್‌ನಲ್ಲಿ ಹೆಣ ಆಗುತ್ತಪ್ಪಾ. ಇದು ಕೋರ್. ಬರೆಯೋದು ಒಂದು, ಓದೋದು ಒಂದು’ ಅಂದರು. ಆಮೇಲೆ ಎರಡು ಗಂಟೆ ಬಿಡಲಿಲ್ಲ. ಅವರೂ ಹುಡುಗನಾಗಿದ್ದಾಗ ಇಂಥ ಒಂದು ತಂಡದಲ್ಲಿ ಬ್ಯಾರಿಟೋನ್ ಕಹಳೆ ಊದಿದವರು.

ಇದರ ಬೇರು ಸೇನೆಯಲ್ಲೇ ಇದೆ, ಅದನ್ನು ಒಪ್ಪಬೇಕು. ಮೊದಲ ಮಹಾಯುದ್ಧ ಮುಗಿಸಿ ಬಂದವರು ಅಮೆರಿಕನ್ ಲೀಜನ್‌ನಂಥ ಮಾಜಿ ಸೈನಿಕರ ಸಂಘಗಳಲ್ಲಿ ಕಹಳೆ, ಡ್ರಮ್ಮು ಹಿಡಿದು ತಂಡ ಕಟ್ಟಿದರು. ಆಮೇಲೆ ಊರ ಮಕ್ಕಳಿಗೂ ಕಲಿಸಿದರು. ಚರ್ಚುಗಳೂ ಸ್ಕೌಟ್ ದಳಗಳೂ ತಂಡ ಮಾಡಿಕೊಂಡವು. ನಿಮ್ಮ ಫೋಟೊದ ತಂಡವೂ 1934ರಲ್ಲಿ ಒಂದು ಚರ್ಚಿನ ಹುಡುಗರ ತಂಡವಾಗಿ ಶುರುವಾದದ್ದೇ. ಮ್ಯಾಡಿಸನ್ ಊರಿನ ತಂಡ, ಮ್ಯಾಡಿಸನ್ ಸ್ಕೌಟ್ಸ್, ಹುಟ್ಟಿದ್ದು 1938ರಲ್ಲಿ. ಸಂಘಗಳ ಕಟ್ಟುಪಾಡು ಸಾಕಾಗಿ ತಂಡಗಳ ನಿರ್ದೇಶಕರೇ ಸೇರಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಕಟ್ಟಿದರು. ಎಲ್ಲರೂ ಅದನ್ನು ಡಿಸಿಐ ಅಂತಾರೆ. ಅದರ ಮೊದಲ ಚಾಂಪಿಯನ್‌ಶಿಪ್ 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ನಡೆಯಿತು. ಗೆದ್ದದ್ದು ಕ್ಯಾಲಿಫೋರ್ನಿಯಾದ ಅನಾಹೈಮ್ ಕಿಂಗ್ಸ್‌ಮೆನ್. ನಮ್ಮ ಮಾಲೀಕರು ಅದನ್ನು ಕಣ್ಣಾರೆ ನೋಡಿದ್ದರು. ಆ ಟಿಕೆಟ್ಟಿನ ಚೂರು ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡೇ ಇತ್ತು.

ಅವರ ದೊಡ್ಡ ದುಃಖ ಎಂದರೆ ‘ಟಿಕ್’ ಹೋದದ್ದು. 1983ರವರೆಗೆ ತೀರ್ಪುಗಾರರು ಮೈದಾನದೊಳಗೇ ಕ್ಲಿಪ್‌ಬೋರ್ಡ್ ಹಿಡಿದು ಸಾಲುಗಳ ಮಧ್ಯೆ ಓಡಾಡುತ್ತಿದ್ದರಂತೆ. ಒಬ್ಬನ ಹೆಜ್ಜೆ ತಪ್ಪಿತೋ, ಒಂದು ಕೋಲು ತಡವಾಗಿ ಬಿತ್ತೋ, ಹಾಳೆಯ ಮೇಲೆ ಒಂದು ಗೀಟು. ಗೀಟಿಗೆ 0.1 ಅಂಕ ಖೋತಾ. ಇನ್ನೂ ಹಿಂದೆ, ಸಂಘಗಳ ಕಾಲದಲ್ಲಿ, ಆಟ ಶುರುವಾಗುವ ಮೊದಲೇ ಬಟ್ಟೆ ಪರೀಕ್ಷೆ. ಗುಂಡಿ, ಪಟ್ಟಿ, ಬೂಟು ಎಲ್ಲವನ್ನೂ ನೋಡುತ್ತಿದ್ದರು. ಮಾಲೀಕರು ಒಮ್ಮೆ ಬೂಟಿನ ಹಿಮ್ಮಡಿಗೆ ಪಾಲಿಶ್ ಹಚ್ಚುವುದು ಮರೆತರಂತೆ. ಮುಂಭಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತೀರ್ಪುಗಾರ ಹಿಂದಿನಿಂದ ಬಂದ. ಒಂದು ಗೀಟು. ಬಸ್ಸಿನಲ್ಲಿ ಮನೆಗೆ ಮರಳುವವರೆಗೂ ಯಾರೂ ಅವರ ಜೊತೆ ಮಾತಾಡಲಿಲ್ಲವಂತೆ. ಇಷ್ಟಾದರೂ ‘ಟಿಕ್ ಇದ್ದಾಗಲೇ ಚೆನ್ನಾಗಿತ್ತು’ ಅನ್ನುತ್ತಿದ್ದರು! ನನಗಂತೂ ಅದು ಕಳೆಯುವ ಲೆಕ್ಕವಾಗಿ ಕಾಣುತ್ತಿತ್ತು, ಸಂಗೀತವಾಗಿ ಅಲ್ಲ. ಇದೊಂದು ವಿಷಯದಲ್ಲಿ ನಾವು ನಾಲ್ಕು ವರ್ಷ ಜಗಳ ಆಡಿದೆವು.

ಕಹಳೆಯ ಕಥೆ ಇನ್ನೂ ಮಜಾ. ಆಗ ಎಲ್ಲವೂ ಜಿ ಶ್ರುತಿಯ ಬ್ಯೂಗಲ್. ಮಾಲೀಕರ ಕಾಲದಲ್ಲಿ ಒಂದೇ ಪಿಸ್ಟನ್, ಅಂದರೆ ಸ್ವರ ಬದಲಿಸಲು ಒತ್ತುವ ಗುಂಡಿ. ಅದೂ ಅಡ್ಡಡ್ಡ ಮಲಗಿರುತ್ತಿತ್ತು. ಹೆಬ್ಬೆರಳಲ್ಲಿ ಒತ್ತಬೇಕು. ಕೆಲವು ಸ್ವರಗಳು ಆ ಕಹಳೆಯಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಒಂದು ರಾಗದ ಸಾಲನ್ನು ಇಬ್ಬರು ಮೂವರು ಹಂಚಿಕೊಂಡು ಊದುತ್ತಿದ್ದರು. ಎರಡು ಪಿಸ್ಟನ್‌ಗೆ ಒಪ್ಪಿಗೆ ಸಿಕ್ಕಿದ್ದು 1977ರಲ್ಲಿ. ಮೂರಕ್ಕೆ 1990ರಲ್ಲಿ. 2000ದಿಂದ ಯಾವ ಶ್ರುತಿಯ ಹಿತ್ತಾಳೆ ವಾದ್ಯ ಬೇಕಾದರೂ ತರಬಹುದು. ಅಂದರೆ ಹೆಸರಲ್ಲಿ ಬ್ಯೂಗಲ್ ಉಳಿಯಿತು, ಕೈಯಲ್ಲಿ ಇಲ್ಲ. 2004ರಲ್ಲಿ ಮೈಕು ಬಂತು, 2009ರಲ್ಲಿ ಎಲೆಕ್ಟ್ರಾನಿಕ್ ವಾದ್ಯ. ಇದು ಸರಿಯೋ ತಪ್ಪೋ ಅಂತ ಆ ಕಡೆಯ ಹಳಬರು ಇನ್ನೂ ಕಚ್ಚಾಡುತ್ತಿರುತ್ತಾರೆ. ನಾನು ಹಳಬರ ಕಡೆ. ಜಿ ಕಹಳೆಯ ಸದ್ದು ಸ್ವಲ್ಪ ಒರಟು. ಆದರೆ ಅರವತ್ತು ಕಹಳೆ ಒಟ್ಟಿಗೆ ನಿಮ್ಮ ಕಡೆ ತಿರುಗಿದಾಗ ಅಂಗಿ ಎದೆಗೆ ಒತ್ತಿದ ಹಾಗೆ ಆಗುತ್ತಿತ್ತು. ಅದಕ್ಕೆ ಮೈಕು ಯಾಕೆ ಬೇಕು, ಅಲ್ವಾ?

ಇನ್ನು ಟಿಂಪನಿ. ಆರ್ಕೆಸ್ಟ್ರಾದಲ್ಲಿ ನೆಲದ ಮೇಲೆ ಕೂರುವ ದೊಡ್ಡ ಹಂಡೆಯಂಥ ಡ್ರಮ್ಮು. ಎಪ್ಪತ್ತರ ದಶಕದಲ್ಲಿ ಅದನ್ನೂ ಹೊಟ್ಟೆಯ ಮುಂದೆ ಕಟ್ಟಿಕೊಂಡು ನಡೆಯುತ್ತಿದ್ದರು. ಒಬ್ಬನಿಗೆ ಒಂದು ಡ್ರಮ್ಮು, ಡ್ರಮ್ಮಿಗೆ ಒಂದು ಸ್ವರ. ನಾಲ್ಕೈದು ಜನ ಸೇರಿದರೇ ಒಂದು ಸಾಲು ನುಡಿಸಲು ಆಗುವುದು. ಎಂಬತ್ತರ ದಶಕದ ಮೊದಲಲ್ಲಿ ಅವನ್ನು ಮೈದಾನದ ಮುಂದೆ ಇಳಿಸಿ ಇಟ್ಟುಕೊಳ್ಳಲು ಬಿಟ್ಟರು. ಎಷ್ಟು ಬೆನ್ನುಗಳು ಉಳಿದವೋ!

1985ರ ಆಗಸ್ಟ್‌ನಲ್ಲಿ ಡಿಸಿಐ ಫೈನಲ್ ನಮ್ಮ ಬೀದಿ ಪಕ್ಕಕ್ಕೇ ಬಂತು. ಹಿಂದಿನ ದಿನ ಬೆಳಗ್ಗೆ ಮಾಲೀಕರು ನನ್ನನ್ನು ಅಡುಗೆ ಲಾರಿಯ ಕೆಲಸಕ್ಕೆ ಕರೆದುಕೊಂಡು ಹೋದರು. ಒಂದು ತಂಡ ಶಾಲೆಯ ಜಿಮ್ ನೆಲದ ಮೇಲೆ ಮಲಗಿ ಎದ್ದಿತ್ತು. ಆಗ ತಂಡಕ್ಕೆ ಗರಿಷ್ಠ 128 ಜನ. ಮೂರು ಬಸ್ಸಿಗೆ ಹಿಡಿಯುವಷ್ಟು ಅಂತ ಹೇಳುತ್ತಿದ್ದರು. ಅಷ್ಟೂ ಜನ ತಟ್ಟೆ ಹಿಡಿದು ಸಾಲಾಗಿ ಬಂದರು. ನಾನು ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಸವರಿ ಸವರಿ ಸುಸ್ತಾದೆ. ಮುಖಗಳು ಮಾತ್ರ ಇವತ್ತಿಗೂ ಕಣ್ಣ ಮುಂದೆ ಇವೆ. ಬಿಸಿಲಿಗೆ ಕೆಂಪಾದ ಕೆನ್ನೆಯ ಮೇಲೆ ಟೋಪಿಯ ಪಟ್ಟಿ ಕೂತಿದ್ದ ಕಡೆ ಒಂದು ಬಿಳಿ ಗೆರೆ, ಕಿವಿಯಿಂದ ಗದ್ದದವರೆಗೆ. ಕಹಳೆಯವರ ತುಟಿ ಒಡೆದಿತ್ತು. ಡ್ರಮ್ಮಿನವರ ಬೆರಳಿಗೆಲ್ಲ ಟೇಪು. ಒಬ್ಬ ಹುಡುಗಿ ಟೇಪು ಸುತ್ತಿದ ಬೆರಳಲ್ಲೇ ಬಾಳೆಹಣ್ಣು ಸುಲಿಯಲಾಗದೆ ನನ್ನ ಕೈಗೆ ಕೊಟ್ಟಳು. ಇವರಿಗೆ ಸಂಬಳ ಇಲ್ಲ, ತಾವೇ ದುಡ್ಡು ಕಟ್ಟಿ ಬಂದವರು. ಇಪ್ಪತ್ತೊಂದು ವಯಸ್ಸು ದಾಟಿದರೆ ಮುಗಿಯಿತು, ಮುಂದಿನ ವರ್ಷ ಜಾಗ ಇಲ್ಲ. ಅದಕ್ಕೆ ‘ಏಜ್ ಔಟ್’ ಅನ್ನುತ್ತಾರೆ. ಕೊನೆಯ ವರ್ಷದವರು ಯಾರು ಅಂತ ಹೇಳುವುದೇ ಬೇಡ, ಅವರು ಜಾಸ್ತಿ ಮಾತಾಡುತ್ತಿರಲಿಲ್ಲ.

ಗೆದ್ದದ್ದು ನಿಮ್ಮ ಫೋಟೊದ ತಂಡ, ಗಾರ್‌ಫೀಲ್ಡ್. ಸತತ ಮೂರನೆಯ ಸಲ. ಡಿಸಿಐನಲ್ಲಿ ಅದಕ್ಕೂ ಮೊದಲು ಯಾರೂ ಹಾಗೆ ಗೆದ್ದಿರಲಿಲ್ಲ. ಹಳೆಯ ತಂಡಗಳು ಮೈದಾನದ ನಡುಗೆರೆಯ ಆಚೀಚೆ ಕನ್ನಡಿಯ ಹಾಗೆ ಒಂದೇ ಆಕಾರ ಮಾಡುತ್ತಿದ್ದವು. ಇವರು ಹಾಗಲ್ಲ. ಸಾಲು ಬಳುಕುತ್ತಾ, ಮುರಿಯುತ್ತಾ, ಓಡುತ್ತಾ ಹೋಗುತ್ತಿತ್ತು. ಆ ವಿನ್ಯಾಸ ಬರೆದವರು ಜಾರ್ಜ್ ಝಿಂಗಾಲಿ. ಮಾಲೀಕರು ಮ್ಯಾಡಿಸನ್‌ನವರಾದ್ದರಿಂದ ಚಪ್ಪಾಳೆ ತಟ್ಟಲಿಲ್ಲ. ಆದರೆ ಎದ್ದು ನಿಂತಿದ್ದರು.

ಮಾಲೀಕರ ಊರಿನ ಸ್ಕೌಟ್ಸ್ ಸರದಿ 1988ರಲ್ಲಿ ಬಂತು. ಫೈನಲ್ ಕ್ಯಾನ್ಸಸ್ ಸಿಟಿಯಲ್ಲಿ. ಮಾಲೀಕರೊಬ್ಬರೇ ಕಾರು ಓಡಿಸಿಕೊಂಡು ಹೋಗಿದ್ದರು. ನಾನು ಊರು ಬಿಡಲು ಪೆಟ್ಟಿಗೆ ಕಟ್ಟುತ್ತಿದ್ದೆ. ರಾತ್ರಿ ಹೊತ್ತು ಮೇಲಿನ ಮನೆಯಲ್ಲಿ ಫೋನ್ ಬಂತು. ಅವರ ಹೆಂಡತಿ ರಿಸೀವರ್ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತು ನನ್ನನ್ನು ಕರೆದರು. ಅದರಲ್ಲಿ ಮಾತೇ ಇಲ್ಲ. ಬರೀ ಅರಚಾಟ. ಸ್ಕೌಟ್ಸ್ ಗೆದ್ದಿತ್ತು, 1975ರ ನಂತರ ಮೊದಲ ಸಲ. ಕೊನೆಗೆ ಕಾಸು ಮುಗಿದು ಫೋನೇ ಕಟ್ಟಾಯಿತು.

ಗಾರ್‌ಫೀಲ್ಡ್ ತಂಡ ಆಮೇಲೆ ಊರು, ಹೆಸರು ಬದಲಿಸಿ ಬರೀ ‘ದ ಕೆಡೆಟ್ಸ್’ ಆಯಿತು. 2024ರಲ್ಲಿ ಬಾಗಿಲು ಮುಚ್ಚಿತು. ಶುರುವಾಗಿ ತೊಂಬತ್ತು ವರ್ಷಕ್ಕೆ. ಹಾಗಾಗಿ ಆ ಮರೂನ್ ಕೋಟನ್ನು ಈಗ ಹಳೆಯ ಫೋಟೊದಲ್ಲೇ ನೋಡಬೇಕು. ಅದೂ ಬೇರೆಯವರ ಹೆಸರಲ್ಲಿ ಅಚ್ಚಾದರೆ ಹೇಗೆ ಹೇಳಿ. ಸುಮ್ನೆ ತಪ್ಪು ಹುಡುಕುವ ಚಟದಿಂದ ಬರೆದದ್ದಲ್ಲ.

ಮುಂದಿನ ಭಾನುವಾರ ಒಂದು ಸಾಲಿನ ತಿದ್ದುಪಡಿ ಹಾಕಿ, ಸಾಕು. ‘ಗಾರ್‌ಫೀಲ್ಡ್ ಕೆಡೆಟ್ಸ್, ಡ್ರಮ್ ಆ್ಯಂಡ್ ಬ್ಯೂಗಲ್ ಕೋರ್’ ಅಂತ. ದಯವಿಟ್ಟು ‘ಕಾರ್ಪ್ಸ್’ ಅಂತ ಮಾತ್ರ ಅಚ್ಚು ಮಾಡಬೇಡಿ.

ಇಂತಿ,
ನಿಮ್ಮ ಹಳೆಯ ಓದುಗ, ಒಬ್ಬ ನಿವೃತ್ತ ಎಂಜಿನಿಯರ್